ಅಜ್ಜಿಯ ಓಲೆಗೆ ಸಾಣೆ ಬೇಡ ಸ್ವಾಮಿ!

ಮೊದಲೇ ಹೇಳಿಬಿಡ್ತೀನಿ, ಇದು ಸ್ವಲ್ಪ ಕೋಪದಲ್ಲೇ ಬರೀತಿರೋ ಬರಹ.

ಕಳೆದ ವಾರ ಅಮ್ಮನ ಜೊತೆ ಬೆಂಗಳೂರಿನ ಒಂದು ದೊಡ್ಡ ಎ.ಸಿ. ಒಡವೆ ಅಂಗಡಿಗೆ ಹೋಗಿದ್ದೆ (ಹೆಸರು ಬೇಡ ಬಿಡಿ). ಅಮ್ಮನ ಕೈಚೀಲದೊಳಗೆ ಸ್ಟೀಲ್ ಡಬ್ಬಿ, ಡಬ್ಬಿಯೊಳಗೆ ಹತ್ತಿ, ಹತ್ತಿಯೊಳಗೆ ಅಜ್ಜಿಯ ಏಳು ಕಲ್ಲಿನ ವಜ್ರದ ಓಲೆ. ಅಜ್ಜಿಗೆ ಅವರಮ್ಮ ಕೊಟ್ಟಿದ್ದಂತೆ. ಎರಡು ತಿಂಗಳ ಹಿಂದೆ ತಿರುಪು ಬಿಚ್ಚುವಾಗ ಕೈಜಾರಿ ನೆಲಕ್ಕೆ ಬಿದ್ದು, ಒಂದು ಓಲೆಯ ನಡುಗಲ್ಲಿನ ಅಂಚು ಮುಕ್ಕಾಗಿದೆ. ಬರೋ ವರ್ಷ ತಂಗಿ ಮದುವೆ. ಅಷ್ಟರೊಳಗೆ ಸರಿ ಮಾಡಿಸಲೇಬೇಕು ಅಂತ ಅಮ್ಮನ ಹಟ.

ಅಂಗಡಿಯ ಹುಡುಗ ಕಣ್ಣಿಗೆ ಲೆನ್ಸ್ ಇಟ್ಟು ಅರ್ಧ ನಿಮಿಷ ನೋಡಿದ. "ಮೇಡಂ, ಇದು ಹಳೇ ಕಟಿಂಗು. ಸುಮ್ನೆ ರೀಕಟ್ ಮಾಡಿಸಿಬಿಡಿ, ಹೊಸದರ ಥರಾ ಫಳಫಳ ಅನ್ನುತ್ತೆ" ಅಂದ. ಒಂದು ಕಲ್ಲು ರೀಕಟ್ ಆದ್ರೆ ಅದು ಸಣ್ಣದಾಗುತ್ತಲ್ಲಪ್ಪ, ಪಕ್ಕದ ಕಲ್ಲುಗಳ ಜೊತೆ ಹೊಳಪೂ ಹೊಂದಲ್ಲವಲ್ಲ, ಅಂತ ನಾನು ಕೇಳಿದೆ. "ಹಾಗಾದ್ರೆ ಹದಿನಾಲ್ಕೂ ಮಾಡಿಸಿಬಿಡಿ ಸಾರ್!"

ಒಂದು ಬಗ್ ಸರಿ ಮಾಡು ಅಂದ್ರೆ ಇಡೀ ಕೋಡನ್ನೇ ಹೊಸದಾಗಿ ಬರೆದುಬಿಡೋಣ ಅನ್ನೋರನ್ನ ಆಫೀಸಲ್ಲಿ ದಿನಾ ನೋಡ್ತೀನಿ (ಮೊದಲ ವರ್ಷ ನಾನೂ ಹಾಗೇ ಇದ್ದೆ ಅನ್ನೋದು ಬೇರೆ ಮಾತು). ಆದ್ರೆ ಅಲ್ಲಿ ಕೆಟ್ರೆ ಹಳೇ ವರ್ಷನ್ ಸರ್ವರಲ್ಲಿರುತ್ತೆ, ತಂದು ಹಾಕ್ಕೋಬಹುದು. ವಜ್ರಕ್ಕೆ ಅನ್‌ಡೂ ಎಲ್ಲಿದೆ? ಸಾಣೆಯಲ್ಲಿ ಹೋದದ್ದು ಪುಡಿ, ಅಷ್ಟೆ.

ಅಷ್ಟಕ್ಕೂ ಈ "ಹಳೇ ಕಟಿಂಗು" ಏನು ಅಂತ ಮನೆಗೆ ಬಂದು ಭೂತಗನ್ನಡಿ ಹಿಡಿದು ಕೂತೆ. ಒಂದರ ಹಾಗೆ ಇನ್ನೊಂದಿಲ್ಲ. ಯಾವುದೂ ಪೂರ್ತಿ ಗುಂಡಗಿಲ್ಲ. ಮೇಲಿನ ಚಪ್ಪಟೆ ಮುಖ ಸಣ್ಣದು, ತಲೆ ಎತ್ತರ, ಬುಡದ ಚೂಪು ತುದಿಯನ್ನ ಕತ್ತರಿಸಿ ಅಲ್ಲೂ ಒಂದು ಪುಟ್ಟ ಮುಖ ಮಾಡಿದಾರೆ. ಮೇಲಿಂದ ನೋಡಿದ್ರೆ ಅದು ಕಲ್ಲಿನ ನಡುವೆ ಕಿಟಕಿ ಥರಾ ಕಾಣುತ್ತೆ. ಯಾವನೋ ಕೆಲಸಗಾರ ಕಚ್ಚಾ ಹರಳು ಹೇಗಿತ್ತೋ ಹಾಗೇ ಅದರ ಮಾತು ಕೇಳ್ಕೊಂಡು, ತೂಕ ಉಳಿಸ್ಕೊಂಡು, ಕಣ್ಣಳತೆಯಲ್ಲಿ ಸಾಣೆ ಹಿಡಿದಿದ್ದು. ದೀಪದ ಬೆಳಕಿನ ಕಾಲದ ಕಲ್ಲುಗಳಿವು. ಟ್ಯೂಬ್‌ಲೈಟಲ್ಲಿ ಮಂಕಾಗಿ ಕಾಣುತ್ತೆ ನಿಜ, ಒಂದ್ಸಲ ದೇವರ ಮನೆ ದೀಪದ ಮುಂದೆ ಹಿಡಿದು ನೋಡಿ. ಸಣ್ಣ ಸಣ್ಣ ಚುಕ್ಕಿ ಮಿಂಚಲ್ಲ, ದೊಡ್ಡ ದೊಡ್ಡ ಬಣ್ಣದ ತುಂಡುಗಳೇ ಒಳಗಿಂದ ಹೊರಳ್ತವೆ.

ಈಗಿನ ಗುಂಡನೆಯ, ಐವತ್ತೇಳು ಮುಖದ ಕಟ್ಟಿಗೆ ಗಣಿತ ಬರೆದುಕೊಟ್ಟವನು ಮಾರ್ಸೆಲ್ ಟಾಲ್ಕೋವ್‌ಸ್ಕಿ, 1919ರಲ್ಲಿ. ಅವನೂ ಇಂಜಿನಿಯರೇ, ಆ ಲೆಕ್ಕದ ಬಗ್ಗೆ ನಂಗೆ ಗೌರವ ಇದೆ. ತಕರಾರು ಇರೋದು, ಅದೊಂದೇ ಅಳತೆಗೋಲಲ್ಲಿ ಎಲ್ಲಾನೂ ಅಳೆಯೋದಕ್ಕೆ. "ಹಳೇ ಕಟ್ಟಿಗೆ ಸರ್ಟಿಫಿಕೇಟಲ್ಲಿ ಕಟ್ ಗ್ರೇಡ್ ಬರಲ್ಲ ಸಾರ್" ಅಂತ ಆ ಹುಡುಗ ಹೆದರಿಸಿದ. ಬರಲ್ಲ, ಯಾಕಂದ್ರೆ ಜಿಐಎ 2006ರಿಂದ ಕೊಡ್ತಿರೋ ಆ ಗ್ರೇಡು ಇರೋದೇ ಹೊಸ ಗುಂಡು ಕಟ್ಟಿಗೆ. ಹಳಗನ್ನಡಕ್ಕೆ ಸ್ಪೆಲ್‌ಚೆಕ್ ಹಾಕಿ ಕೆಂಪು ಗೆರೆ ಬಂತು ಅಂದ್ರೆ ತಪ್ಪು ಪಂಪನದಾ? ಅಲ್ಲದೆ ಆ ಹೊಸ ಕಟ್ಟಿನ ಕಲ್ಲು ಸೂರತ್ತಿನಲ್ಲಿ ದಿನಾ ರಾಶಿ ರಾಶಿ ತಯಾರಾಗುತ್ತೆ. ಈಗಂತೂ ಲ್ಯಾಬಲ್ಲೇ ಕೆಲವೇ ವಾರದಲ್ಲಿ ವಜ್ರ ಬೆಳೆಸ್ತಾರೆ. ಅಂಥದ್ದು ಬೇಕಿದ್ರೆ ಅದನ್ನೇ ಕೊಳ್ಳಿ, ನೂರು ವರ್ಷದ ಕಲ್ಲನ್ನ ಉಜ್ಜಿ ಯಾಕೆ ಅದರ ನಕಲು ಮಾಡ್ತೀರಿ?

ಈ ಹುಚ್ಚು ಹೊಸದೇನಲ್ಲ. ಕೊಹಿನೂರ್ ಕಥೆ ನೋಡಿ. 1849ರಲ್ಲಿ ಬಾಲಕ ದುಲೀಪ್ ಸಿಂಗನಿಂದ ಬ್ರಿಟಿಷರು ಕಿತ್ಕೊಂಡಾಗ ಅದು ಇವತ್ತಿನ ಲೆಕ್ಕದಲ್ಲಿ ಸುಮಾರು 190 ಕ್ಯಾರಟ್. 1851ರ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ಇಟ್ರು. ನೋಡೋಕೆ ಬಂದ ಜನ, ಅಯ್ಯೋ ಇಷ್ಟೇನಾ, ಹೊಳೆಯೋದೇ ಇಲ್ಲ ಅಂತ ಮೂಗು ಮುರಿದ್ರು. ಮರುವರ್ಷವೇ ಆಂಸ್ಟರ್‌ಡ್ಯಾಮಿಂದ ಕೆಲಸಗಾರರನ್ನ ಕರೆಸಿ, ಉಗಿಯಂತ್ರ ಹೂಡಿ, ಡ್ಯೂಕ್ ಆಫ್ ವೆಲಿಂಗ್ಟನ್ ಕೈಯಲ್ಲಿ ಮುಹೂರ್ತ ಮಾಡಿಸಿ ಉಜ್ಜಿದ್ದೇ ಉಜ್ಜಿದ್ದು. ಮೂವತ್ತೆಂಟು ದಿನ. ಉಳಿದದ್ದು 105.6 ಕ್ಯಾರಟ್. ಐದರಲ್ಲಿ ಎರಡು ಪಾಲಿಗಿಂತ ಹೆಚ್ಚು ಪುಡಿಯಾಗಿ ಹೋಯ್ತು. ಕೊಹಿನೂರ್ ವಾಪಸ್ ಕೊಡಿ ಅಂತ ನಾವು ಕೂಗ್ತಾನೇ ಇದೀವಿ, ಕೂಗಬೇಕಾದ್ದೇ. ಆದ್ರೆ ಮೊಗಲರು, ನಾದಿರ್ ಶಾ, ರಣಜಿತ್ ಸಿಂಗ್ ಕಂಡ ಆ ಕಲ್ಲು ಈಗ ಲಂಡನ್ನಿನಲ್ಲೂ ಇಲ್ಲ.

ಹೋಗ್ಲಿ, ಅವರಿಗೆ ಗೊತ್ತಿರಲಿಲ್ಲ ಅನ್ನೋಣ. 2008ರಲ್ಲಿ? ವಿಟ್ಟೆಲ್ಸ್‌ಬಾಕ್ ಅಂತ ಒಂದು ನೀಲಿ ವಜ್ರ, 35.56 ಕ್ಯಾರಟ್, ಬವೇರಿಯಾದ ರಾಜಮನೆತನದ್ದು, ಹುಟ್ಟಿದ್ದು ನಮ್ಮ ಗೋಲ್ಕೊಂಡ ಸೀಮೆಯ ಗಣಿಯಲ್ಲಿ. ಲಂಡನ್ನಿನ ವ್ಯಾಪಾರಿ ಲಾರೆನ್ಸ್ ಗ್ರಾಫ್ 1.64 ಕೋಟಿ ಪೌಂಡ್ ಕೊಟ್ಟು ಹರಾಜಲ್ಲಿ ಕೊಂಡ. ಅಂಚಲ್ಲಿ ಮುಕ್ಕುಗಳಿದ್ವು, ನಮ್ಮ ಓಲೆಯ ಹಾಗೇ. ಸಾಣೆ ಹಿಡಿಸಿ 31.06ಕ್ಕೆ ಇಳಿಸಿದ, ಗ್ರೇಡ್ ಮೇಲಕ್ಕೆ ಹೋಯ್ತು, ಹಿಂದೆ ತನ್ನ ಹೆಸರನ್ನೂ ಅಂಟಿಸಿದ! ರೆಂಬ್ರಾಂಟ್ ಚಿತ್ರದ ಮೇಲೆ ಬಣ್ಣ ಬಳಿದ ಹಾಗಾಯ್ತು ಅಂತ ಬರ್ಲಿನ್ನಿನ ಮ್ಯೂಸಿಯಂ ನಿರ್ದೇಶಕ ಹಾನ್ಸ್ ಓಟ್ಟೊಮೇಯರ್ ಅಂದಿದ್ರು. ಕಲ್ಲು ಅವನದು, ದುಡ್ಡು ಅವನದು ಅಂತ ವಾದಿಸೋರಿದಾರೆ. ಇರಬಹುದು. ಮುನ್ನೂರು ವರ್ಷ ಅದನ್ನ ಕಾಪಾಡಿದ್ದು ಅವನಲ್ಲವಲ್ಲ.

ಹಾಗಂತ ಯಾವತ್ತೂ ಸಾಣೆ ಮುಟ್ಟಿಸಲೇಬಾರದು ಅಂತಲೂ ನಾನು ಹೇಳ್ತಿಲ್ಲ. ವಜ್ರ ಗಟ್ಟಿ, ಗೀರು ಬೀಳಲ್ಲ, ಆದ್ರೆ ಅದರೊಳಗೆ ನಾಲ್ಕು ದಿಕ್ಕಲ್ಲಿ ಸೀಳೋ ಗುಣ ಇದೆ. ಸರಿಯಾದ ಕಡೆ ಪೆಟ್ಟು ಬಿದ್ರೆ ಕತೆ ಮುಗೀತು. ಮುಕ್ಕಿನಿಂದ ಒಳಕ್ಕೆ ಬಿರುಕು ಹೊರಟಿದ್ರೆ ಅಲ್ಲಿ ಮಾತ್ರ, ಎಷ್ಟು ಬೇಕೋ ಅಷ್ಟೇ, ಹಳೇ ಆಕಾರ ಬಿಡದೆ ತೇಯ್ದು ಕಲ್ಲು ಉಳಿಸ್ಕೋಬೇಕು. ನಮ್ಮದರಲ್ಲಿ ಬಿರುಕಿಲ್ಲ.

ಊರಿನ ಆಚಾರ್ರಿಗೆ ಫೋನ್ ಮಾಡಿ, ಫೋಟೋ ಕಳಿಸಿದೆ. "ಅದಕ್ಯಾಕಪ್ಪಾ ಸಾಣೆ? ಕಟ್ಟಡ ಸಡಿಲಿಸಿ ಕಲ್ಲನ್ನ ಒಂಚೂರು ತಿರುಗಿಸಿದ್ರೆ ಮುಕ್ಕು ಚಿನ್ನದಂಚಿನ ಕೆಳಗೆ ಹೋಗುತ್ತೆ" ಅಂದ್ರು. ಇಷ್ಟೇ! ಒಂದು ಮಿಲಿಗ್ರಾಮೂ ಹೋಗಲ್ಲ. ಇದನ್ನ ಆ ಎ.ಸಿ. ಅಂಗಡಿಯವನು ಬಾಯಿಬಿಟ್ಟು ಹೇಳಲೇ ಇಲ್ಲ ನೋಡಿ.

ಅಮ್ಮಂಗೆ ಮಾತ್ರ ಇನ್ನೂ ಅನುಮಾನ. "ಮುಕ್ಕಾದ ವಿಗ್ರಹವನ್ನೇ ಪೂಜೆಗಿಡಲ್ಲ, ಮುಕ್ಕಾದ ವಜ್ರ ಹಾಕ್ಕೊಂಡು ಮಗಳು ಹಸೆಮಣೆ ಏರೋದೇನೋ?" ಅಂದ್ರು. ನಂಗೆ ಉತ್ತರ ಹೊಳೀಲಿಲ್ಲ. ತಂಗಿನೇ ಒಳಗಿಂದ ಕೂಗಿದ್ಳು, "ಅಮ್ಮಾ, ನಂಗೆ ಬೇಕಾಗಿರೋದು ಅಜ್ಜಿ ಓಲೆ. ಹದಿನಾಲ್ಕೂ ಉಜ್ಜಿಸಿದ್ರೆ ಅದು ಆ ಅಂಗಡಿಯವನ ಓಲೆ ಆಗುತ್ತೆ."

ಭಾನುವಾರ ಊರಿಗೆ ಹೊರಟಿದೀವಿ. ಉಳಿದ ಹದಿಮೂರನ್ನ ಆಚಾರ್ರೂ ಮುಟ್ಟೋ ಹಾಗಿಲ್ಲ ಅಂತ ಹೇಳಿಟ್ಟಿದೀನಿ. ನಿಮ್ಮನೇಲೂ ಇಂಥ ಹಳೇ ಕಲ್ಲು ರೀಕಟ್ ಆಗಿದ್ರೆ, ಮುಂಚೆ ಎಷ್ಟು ತೂಕ ಇತ್ತು, ವಾಪಸ್ ಎಷ್ಟು ಬಂತು ಅಂತ ಕಮೆಂಟಿಸಿ.