ಕಾದಂಬರಿಯ ಅಭಿರುಚಿಯೂ ಪಂಡಿತರ ತಿರಸ್ಕಾರವೂ

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಸುಶಿಕ್ಷಿತ ಗೃಹಗಳಲ್ಲಿ ನಾಲ್ವರು ಸೇರಿದಾಗ, ಕ್ಷೇಮಸಮಾಚಾರವು ಮುಗಿದ ಮೇಲೆ ಹುಟ್ಟುವ ಪ್ರಶ್ನೆಗಳಲ್ಲಿ "ಈಗ ಏನನ್ನು ಓದುತ್ತಿದ್ದೀರಿ?" ಎಂಬುದೂ ಒಂದು. ಪ್ರಶ್ನೆಯು ಸರಳವಾದುದು, ಅದಕ್ಕೆ ಬರುವ ಉತ್ತರವು ಮಾತ್ರ ಅನೇಕ ವೇಳೆ ಸತ್ಯವಾದುದಲ್ಲ. ಪತ್ತೇದಾರಿ ಕಾದಂಬರಿಯನ್ನು ದಿಂಬಿನಡಿಯಲ್ಲಿ ಬಚ್ಚಿಟ್ಟು ಬಂದ ಗೃಹಸ್ಥರು ತಾವು 'ಪರ್ವ'ವನ್ನು ಎರಡನೆಯ ಸಲ ಓದುತ್ತಿರುವುದಾಗಿ ಹೇಳುವರು. ಮನೆಯ ಗೃಹಿಣಿಯು "ಏನೋ ಕಾಲಕ್ಷೇಪಕ್ಕೆ ಒಂದು" ಎಂದು ಹೇಳಿ, ಪುಸ್ತಕದ ಹೆಸರನ್ನು ಹೇಳದೆಯೇ ಕಾಫಿಯನ್ನು ತರಲು ಏಳುವರು. ಮೊಮ್ಮಗನೊಬ್ಬನು ಮಾತ್ರ ನಿಜವನ್ನು ಹೇಳುವನು. ಆದರೆ ಅವನ ಕೈಯಲ್ಲಿರುವ ಪುಸ್ತಕವು ಇಂಗ್ಲಿಷಿನದು.

ಈ ಮೂರು ಉತ್ತರಗಳಿಗೂ ಮೂಲವು ಒಂದೇ. ಕಾದಂಬರಿಗಳಲ್ಲಿ ಕೆಲವು ಸಾಹಿತ್ಯವೆಂದೂ, ಪತ್ತೇದಾರಿ, ಭೀತಿಕಥೆ, ಸಾಂಸಾರಿಕ ಕಥೆ, ವಿಜ್ಞಾನಕಥೆ ಮೊದಲಾದ ಮಿಕ್ಕವೆಲ್ಲ ಅಗ್ಗದ ಸರಕೆಂದೂ ವಿದ್ವಜ್ಜನರು ಬಹುಕಾಲದಿಂದ ಮಾಡಿಕೊಂಡು ಬಂದಿರುವ ವಿಭಾಗವೇ ಆ ಮೂಲ. ಈ ವಿಭಾಗಕ್ಕೆ ಶಾಸ್ತ್ರದ ಆಧಾರವಿಲ್ಲ, ಚರಿತ್ರೆಯ ಬೆಂಬಲವಿಲ್ಲ. ಇದರ ಫಲವಾದರೋ ಕನ್ನಡಕ್ಕೆ ಹಾನಿಕರವಾಗಿದೆ.

ಮೊದಲು ಪೂರ್ವಪಕ್ಷವನ್ನು ನ್ಯಾಯವಾಗಿ ಹೇಳಬೇಕು. ಇಂಥ ಕಥೆಗಳಲ್ಲಿ ರಸವಿಲ್ಲ, ಬರಿಯ ಕುತೂಹಲವಿದೆ ಎಂಬುದು ಒಂದನೆಯ ಆಕ್ಷೇಪ. ಇವು ಓದುಗರ, ಅದರಲ್ಲಿಯೂ ತರುಣರ, ಚಿತ್ತವೃತ್ತಿಯನ್ನು ಕೆಡಿಸುವುವು ಎಂಬುದು ಎರಡನೆಯದು. ಇವುಗಳ ರುಚಿ ಹತ್ತಿದವನು ಉತ್ತಮ ಗ್ರಂಥಗಳತ್ತ ತಿರುಗಲಾರನು ಎಂಬುದು ಮೂರನೆಯದು. ಮೂರನ್ನೂ ಕ್ರಮವಾಗಿ ಪರಿಶೀಲಿಸಬಹುದು.

ಭರತಮುನಿಯು ಎಣಿಸಿದ ಎಂಟು ರಸಗಳಲ್ಲಿ ಅದ್ಭುತವೂ ಭಯಾನಕವೂ ಸೇರಿವೆ. ಅವು ಶೃಂಗಾರಕ್ಕಿಂತ ಕೀಳೆಂದು ಅವನು ಹೊರಗಿಡಲಿಲ್ಲ. ಇಂದು 'ಕಾದಂಬರಿ' ಎಂದು ಕರೆಯುವ ಹೆಸರಾದರೂ ಎಲ್ಲಿಂದ ಬಂದಿತು? ಏಳನೆಯ ಶತಮಾನದ ಬಾಣಭಟ್ಟನ ಕೃತಿಯಿಂದ. ಅದರಲ್ಲಿ ಗಿಳಿಯು ಕಥೆಯನ್ನು ಹೇಳುತ್ತದೆ, ಶಾಪಗಳಿಂದ ಜನ್ಮಾಂತರಗಳಾಗುತ್ತವೆ, ಪ್ರಾಣ ಹೋದ ನಾಯಕನ ದೇಹವು ಕೆಡದೆ ಉಳಿದು, ನಾಯಿಕೆಯ ಆಲಿಂಗನದಿಂದ ಮತ್ತೆ ಚೇತನಗೊಳ್ಳುತ್ತದೆ. ಇದೇ ಕಥಾವಸ್ತುವು ಇಂದು ಬಣ್ಣದ ರಕ್ಷಾಪತ್ರದೊಡನೆ ಗಾಂಧಿಬಜಾರಿನ ಅಂಗಡಿಗೆ ಬಂದರೆ, ವಿಮರ್ಶಕರು ಅದನ್ನು ಮುಟ್ಟುವರೋ ಇಲ್ಲವೋ ಸಂದೇಹ. ಒಂದನೆಯ ನಾಗವರ್ಮನು ಆ ಕಥೆಯನ್ನೇ ಕನ್ನಡ ಚಂಪುವಾಗಿಸಿ ಕೀರ್ತಿಯನ್ನು ಪಡೆದನು. ಶೂದ್ರಕನ 'ಮೃಚ್ಛಕಟಿಕ'ದಲ್ಲಿ ಶರ್ವಿಲಕನು ಕನ್ನ ಕೊರೆಯುವ ಮುನ್ನ ರಂಧ್ರದ ಆಕಾರವನ್ನು ಕುರಿತು ಶಾಸ್ತ್ರವಿಚಾರ ಮಾಡಿ, ಯಜ್ಞೋಪವೀತದಿಂದಲೇ ಅಳತೆಯನ್ನು ತೆಗೆಯುತ್ತಾನೆ. ದಂಡಿಯ 'ದಶಕುಮಾರಚರಿತ'ದಲ್ಲಿ ಜೂಜೂ ಕಳ್ಳತನವೂ ಮೋಸವೂ ಯಥೇಚ್ಛವಾಗಿವೆ. ಪಾಠಶಾಲೆಗಳಲ್ಲಿ ಇವನ್ನು ಶಿಷ್ಯರಿಗೆ ಪಾಠ ಹೇಳುವ ಪಂಡಿತರು, ಕನ್ನಡದ ಕಳ್ಳನ ಕಥೆಯನ್ನು ಕಂಡು ಮೂಗುಮುರಿಯುವುದಕ್ಕೆ ಯಾವ ನ್ಯಾಯವಿದೆ?

ಎರಡನೆಯ ಆಕ್ಷೇಪಕ್ಕೆ ಚರಿತ್ರೆಯೇ ಉತ್ತರ. 1950ರ ದಶಕದ ಆರಂಭದಲ್ಲಿ ಅ.ನ.ಕೃಷ್ಣರಾಯರ 'ನಗ್ನಸತ್ಯ', 'ಶನಿಸಂತಾನ', 'ಸಂಜೆಗತ್ತಲು' ಕಾದಂಬರಿಗಳು ಸಮಾಜವನ್ನು ಕೆಡಿಸುವುವೆಂದು ದೊಡ್ಡ ಗದ್ದಲವೆದ್ದಿತು. ಅವರು 'ಸಾಹಿತ್ಯ ಮತ್ತು ಕಾಮಪ್ರಚೋದನೆ' ಎಂಬ ಗ್ರಂಥದಿಂದಲೇ ಅದಕ್ಕೆ ಉತ್ತರವನ್ನು ಕೊಟ್ಟರು. ಅವೇ ಅ.ನ.ಕೃ. ಅವರನ್ನು 1960ರ ಮಣಿಪಾಲದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರನ್ನಾಗಿ ಆರಿಸಲಾಯಿತು. ಅಡುಗೆಮನೆಯ ಓದೆಂದು ಹಾಸ್ಯಕ್ಕೆ ಗುರಿಯಾದ ಬರಹವನ್ನೂ ನೋಡಬಹುದು. ತ್ರಿವೇಣಿಯವರು (1928–1963) 'ಶರಪಂಜರ'ದಲ್ಲಿ ಬಾಣಂತಿಯ ಮನೋರೋಗವನ್ನೂ, ಗುಣವಾದ ಮೇಲೂ ಆಕೆಯನ್ನು ಬಿಡದ ಬಂಧುಗಳ ಸಂಶಯವನ್ನೂ ಚಿತ್ರಿಸಿದರು. ಎಂ.ಕೆ.ಇಂದಿರಾ ಅವರು 1976ರ 'ಫಣಿಯಮ್ಮ'ದಲ್ಲಿ ಬಾಲವಿಧವೆಯ ಬಾಳನ್ನು ಹೇಳಿದರು. ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಆಡದಿದ್ದ ಮಾತುಗಳನ್ನು ಈ ಪುಸ್ತಕಗಳು ಆಡಿದುವು. ಇದು ಚಿತ್ತವನ್ನು ಕೆಡಿಸುವುದಾದರೆ, ತಿದ್ದುವುದೆಂದರೆ ಮತ್ತೇನು?

ಮೂರನೆಯ ಆಕ್ಷೇಪವು ಎಲ್ಲಕ್ಕಿಂತ ಪ್ರಬಲವಾದುದು. ಎಲ್ಲಕ್ಕಿಂತ ತಪ್ಪಾದುದೂ ಅದೇ. ಬಿ.ವೆಂಕಟಾಚಾರ್ಯರು (1845–1914) ಬಂಗಾಳಿಯನ್ನು ಕಲಿತು ಬಂಕಿಮಚಂದ್ರರ ಕಥೆಗಳನ್ನು ಕನ್ನಡಕ್ಕೆ ತಂದಾಗ ಜನರು ಅವನ್ನು ಓದಿದುದು ತತ್ತ್ವಜಿಜ್ಞಾಸೆಯಿಂದಲ್ಲ, ಮುಂದೇನಾಯಿತೆಂಬ ಆತುರದಿಂದ. ಗಳಗನಾಥರು (1869–1942) ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಯುದ್ಧ, ಒಳಸಂಚು, ಸಾಹಸಗಳ ಆಸೆಯಿಂದಲೇ ಕೊಂಡವರು ಅವರಲ್ಲಿ ಎಷ್ಟೋ ಮಂದಿ. ಎನ್.ನರಸಿಂಹಯ್ಯನವರಿಗೆ ಶಾಲೆಯ ಶಿಕ್ಷಣವು ಅಲ್ಪವೇ ಲಭಿಸಿದ್ದಿತು. ಆದರೂ ಅವರು ನೂರಾರು ಪತ್ತೇದಾರಿ ಕಾದಂಬರಿಗಳನ್ನು ಬರೆದರು. ಅವರ ಪತ್ತೇದಾರ ಪುರುಷೋತ್ತಮನನ್ನು ದಿನಬಾಡಿಗೆಗೆ ತಂದು ಓದಿದ ಹುಡುಗರಿಗೆ ತಡೆಯಿಲ್ಲದೆ ಕನ್ನಡವನ್ನು ಓದುವ ಅಭ್ಯಾಸವಾಯಿತು. ಮುಂದೆ ಕುವೆಂಪು, ಮಾಸ್ತಿ, ಕಾರಂತರನ್ನು ಓದಿದವರಲ್ಲಿ ಹಲವರು ಹತ್ತಿದುದು ಈ ಮೆಟ್ಟಿಲನ್ನೇ.

ಅಭಿರುಚಿಯು ಒಂದೇ ಕಡೆ ನಿಂತುದೂ ಇಲ್ಲ. ಒಂದು ಕಾಲಕ್ಕೆ ಐತಿಹಾಸಿಕ ಕಥೆ, ಆಮೇಲೆ ಸಾಮಾಜಿಕ ಕಾದಂಬರಿ. 1980ರ ದಶಕದಲ್ಲಿ ಯಂಡಮೂರಿ ವೀರೇಂದ್ರನಾಥರ ತೆಲುಗಿನ ಮಾಟಮಂತ್ರದ ಕಥೆಗಳು ಅನುವಾದವಾಗಿ ಬಂದು ಮನೆಮನೆಯಲ್ಲಿ ಹರಡಿದುವು. ತರುವಾಯ ಸಾಂಸಾರಿಕ ಕಥೆಯ ಪಾಲನ್ನು ದೂರದರ್ಶನದ ಧಾರಾವಾಹಿಗಳು ಬಹುಮಟ್ಟಿಗೆ ಕಸಿದುಕೊಂಡುವು. ಅದೇ ಕಾಲಾವಧಿಯಲ್ಲಿ ಪೂರ್ಣಚಂದ್ರ ತೇಜಸ್ವಿಯವರು 1980ರ 'ಕರ್ವಾಲೊ'ದಲ್ಲಿ ಹಾರುವ ಓತಿಯೊಂದರ ಶೋಧವನ್ನೂ, 'ಜುಗಾರಿ ಕ್ರಾಸ್'ನಲ್ಲಿ ಅಪರಾಧಲೋಕದ ಸುಳಿಯನ್ನೂ ಕಥೆಮಾಡಿ, ಕುತೂಹಲಕ್ಕೂ ಸಾಹಿತ್ಯಕ್ಕೂ ವೈರವಿಲ್ಲವೆಂದು ತೋರಿಸಿಕೊಟ್ಟರು. ರಾಜಶೇಖರ ಭೂಸನೂರಮಠರು ವಿಜ್ಞಾನಕಥೆಗೆ ಕನ್ನಡದಲ್ಲಿ ಎಡೆಯನ್ನು ಮಾಡಿದರು. ಕೃಷಿವಿಜ್ಞಾನಿಗಳಾದ ಕೆ.ಎನ್.ಗಣೇಶಯ್ಯನವರು 'ಕನಕ ಮುಸುಕು', 'ಕರಿಸಿರಿಯಾನ' ಮುಂತಾದವುಗಳಲ್ಲಿ ಶಾಸನ, ಶಿಲ್ಪ, ಚರಿತ್ರೆಗಳನ್ನೇ ರೋಚಕ ಕಥೆಯ ಸಾಮಗ್ರಿಯನ್ನಾಗಿಸಿದರು. ಓದುಗರು ಕೆಟ್ಟುದರಿಂದ ಅಭಿರುಚಿ ಬದಲಾಯಿತೆಂಬುದು ದುಡುಕಿನ ಮಾತು. ಅವರ ಬಾಳು ಬದಲಾಯಿತು, ಅದರೊಡನೆ ಅವರು ಕಥೆಯಿಂದ ಬಯಸುವುದೂ ಬದಲಾಯಿತು.

ಹಾಗಾದರೆ ಈ ಬಗೆಯ ಬರಹವೆಲ್ಲವೂ ಉತ್ತಮವೇ? ಖಂಡಿತ ಅಲ್ಲ. ಅವಸರದ ಅನುವಾದಗಳು, ಒಂದೇ ಅಚ್ಚಿನ ಕಥೆಗಳು, ಮೂಢನಂಬಿಕೆಗೆ ನೀರೆರೆಯುವ ಪುಸ್ತಕಗಳು ಹೇರಳವಾಗಿ ಬಂದಿವೆ. ಆದರೆ ಇವುಗಳಲ್ಲಿ ಕಾಳಾವುದು, ಜೊಳ್ಳಾವುದು ಎಂದು ಕೇರಿ ಹೇಳಬೇಕಾದವರು ಯಾರು? ವಿಮರ್ಶಕರಲ್ಲವೇ? ರಾಶಿಯನ್ನೇ ಮುಟ್ಟದೆ, ಮೊರವನ್ನು ಮೂಲೆಗಿಟ್ಟು, "ಎಲ್ಲವೂ ಹೊಟ್ಟು" ಎಂದು ತೀರ್ಪು ಕೊಡುವುದು ವಿಮರ್ಶೆಯಲ್ಲ, ಅದು ಆಲಸ್ಯ. ಒಳ್ಳೆಯ ಪತ್ತೇದಾರಿ ಕಥೆಗೂ ಕೆಟ್ಟ ಪತ್ತೇದಾರಿ ಕಥೆಗೂ ಇರುವ ಅಂತರವನ್ನು ತಿಳಿಸಿಕೊಡುವವರಿಲ್ಲದ ಕಾರಣ ಕೆಟ್ಟುದೇ ಹೆಚ್ಚಾಗಿ ಬೆಳೆಯಿತು.

ತಿರಸ್ಕಾರದಿಂದ ಬಂದ ಲಾಭವಾದರೂ ಏನು? ಪತ್ತೇದಾರಿಯನ್ನು ಬಿಡಿಸಿದರೆ ಹುಡುಗರು 'ಮಲೆಗಳಲ್ಲಿ ಮದುಮಗಳು' ಹಿಡಿಯುವರೆಂದು ಹಿರಿಯರು ನಂಬಿದ್ದರು. ಹುಡುಗರು ಹಿಡಿದುದು ಇಂಗ್ಲಿಷಿನ ಮಾಯಾಲೋಕದ ಕಥೆಗಳನ್ನು. ಅವರು ಕುತೂಹಲವನ್ನು ಬಿಡಲಿಲ್ಲ, ಕನ್ನಡವನ್ನು ಬಿಟ್ಟರು. ಇಂಗ್ಲಿಷಿನಲ್ಲಿ ಓದಿದರೆ ಅದೇ ಮಾಟಗಾರನ ಕಥೆಗೆ ಮನೆಯಲ್ಲಿ ಶಹಭಾಸ್ ಎನ್ನುವವರೂ ಅದೇ ಹಿರಿಯರೇ.

ಇದಕ್ಕೆ ಪರಿಹಾರವು ಕಷ್ಟಸಾಧ್ಯವಾದುದಲ್ಲ. 1915ರಲ್ಲಿ ಸ್ಥಾಪಿತವಾಗಿ ಚಾಮರಾಜಪೇಟೆಯಲ್ಲಿ ನೆಲಸಿರುವ ಸಾಹಿತ್ಯ ಪರಿಷತ್ತೂ, ಜಿಲ್ಲೆಗಳ ಸಂಘಗಳೂ, ಅವುಗಳ ಪತ್ರಿಕೆಗಳೂ ಇಂಥ ಕಾದಂಬರಿಗಳನ್ನು ಹೆಸರಿಟ್ಟು ವಿಮರ್ಶಿಸಬೇಕು. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯ ಪ್ರಕಾರ ಆಸ್ತಿತೆರಿಗೆಯ ಮೇಲೆ ರೂಪಾಯಿಗೆ 6 ಪೈಸೆ ಕರವನ್ನು ಗೃಹಸ್ಥರು ತೆರುತ್ತಾರೆ. ಆ ಹಣವನ್ನು ತೆತ್ತವರು ಓದಬಯಸುವ ಪುಸ್ತಕಗಳೂ ಗ್ರಂಥಾಲಯದಲ್ಲಿರುವುದು ನ್ಯಾಯ. ಹಳೆಯ ಪತ್ತೇದಾರಿ ಕಾದಂಬರಿಗಳು ಅಗ್ಗದ ಕಾಗದದ ಮೇಲೆ ಅಚ್ಚಾಗಿ ಮುರಿದುಹೋಗುತ್ತಿವೆ, ಅವನ್ನು ರಕ್ಷಿಸಬೇಕು.

ಗುಣಾಢ್ಯನ ಕಥೆಯನ್ನು ಪಂಡಿತರೆಲ್ಲರೂ ಬಲ್ಲರು. ಪೈಶಾಚೀಭಾಷೆಯ ಕಥೆಯೆಂದು ಸಾತವಾಹನ ರಾಜನು 'ಬೃಹತ್ಕಥೆ'ಯನ್ನು ತಿರಸ್ಕರಿಸಿದನು. ನೊಂದ ಗುಣಾಢ್ಯನು ಕಾಡಿನಲ್ಲಿ ಮೃಗಗಳಿಗೆ ಒಂದೊಂದೇ ಪತ್ರವನ್ನು ಓದಿ ಹೇಳಿ ಬೆಂಕಿಗೆ ಹಾಕುತ್ತ ಹೋದನು. ಮೃಗಗಳು ಮೇವನ್ನು ಮರೆತು ಕೇಳಿದುವು. ಅರಸನು ತಪ್ಪನ್ನು ತಿಳಿದು ಓಡಿಬರುವಷ್ಟರಲ್ಲಿ ಏಳು ಪಾಲಿನಲ್ಲಿ ಒಂದು ಪಾಲು ಮಾತ್ರ ಉಳಿದಿದ್ದಿತು. ಪಂಡಿತರು ಆ ಅರಸನ ತಪ್ಪನ್ನು ಮತ್ತೆ ಮಾಡಬಾರದು.

ವಾಚಕ ಗೃಹಸ್ಥರೂ ಗೃಹಿಣಿಯರೂ ತಮ್ಮ ಪಾಲಿನ ಕೆಲಸವನ್ನು ಇಂದೇ ಆರಂಭಿಸಬಹುದು. ಈಗ ಏನನ್ನು ಓದುತ್ತಿದ್ದೀರಿ ಎಂದು ಯಾರಾದರೂ ಕೇಳಿದಾಗ ದಿಂಬಿನಡಿಯ ಪುಸ್ತಕದ ಹೆಸರನ್ನೇ ಹೇಳಲಿ. ಅದು ಚೆನ್ನಾಗಿದ್ದರೆ ಏಕೆ ಚೆನ್ನಾಗಿದೆ, ಕೆಟ್ಟುದಾಗಿದ್ದರೆ ಎಲ್ಲಿ ಕೆಟ್ಟಿತು ಎಂಬುದನ್ನೂ ಹೇಳಲಿ. ಆ ಮೇಲೆ ಅದನ್ನು ಮನೆಯ ಮಕ್ಕಳ ಕೈಗೆ ಕೊಡಲಿ.