ಕೊಡುವ ಕೈ, ಕೊಳ್ಳುವ ಕೈ

ಚಿಕ್ಕಬಳ್ಳಾಪುರದ ಮಿಷನ್ ಆಸ್ಪತ್ರೆಯು 1913ರಿಂದ ಸ್ಕಂದಗಿರಿಯ ಸುತ್ತಣ ಗ್ರಾಮಗಳ ರೋಗಿಗಳಿಗೆ ಶುಶ್ರೂಷೆ ಮಾಡಿದೆ. ಕೊಡುವುದನ್ನು ನಾವು ಬಲ್ಲೆವು, ಪಡೆಯುವುದನ್ನು ಬಲ್ಲೆವೋ? ಕ್ರಿಸ್ತಜಯಂತಿಗೆ ನೆರೆಮನೆಗೆ ಕಜ್ಜಾಯವನ್ನು ಕಳುಹಿಸುವ ನಮ್ಮಲ್ಲಿ ಕೆಲವರು, ಯುಗಾದಿಗೆ ಅಲ್ಲಿಂದ ಬಂದ ಒಬ್ಬಟ್ಟನ್ನು ಮುಟ್ಟಲು ಹಿಂಜರಿಯುವರು. ಮನಸ್ಸಾಕ್ಷಿಯ ಅಳುಕೆಂದು ನಾವು ಹೇಳಬಹುದು. ನೆರೆಯಾಕೆಗೆ ಅದು ತಿರಸ್ಕಾರವಾಗಿಯೇ ತೋರುವುದು. ಅನ್ಯರು ಊಟಕ್ಕೆ ಕರೆದಾಗ ಬಡಿಸಿದ್ದನ್ನು ವಿಚಾರಣೆಯಿಲ್ಲದೆ ಉಣ್ಣಬಹುದೆಂದು ಪೌಲನೇ ಕೊರಿಂಥದವರಿಗೆ ಬರೆದನಷ್ಟೆ. ಕರ್ತನೂ ಸಮಾರ್ಯದ ಸ್ತ್ರೀಗೆ ಜೀವಜಲದ ಮಾತನ್ನು ಹೇಳುವ ಮೊದಲು ಆಕೆಯಿಂದ ಕುಡಿಯಲು ನೀರನ್ನು ಬೇಡಿದನು. ಬೇಡಿದವನ ಮಾತಿಗೆ ಆಕೆ ಕಿವಿಗೊಟ್ಟಳು.

ಆದುದರಿಂದ, ಪ್ರಿಯ ಪೂರ್ವವಿದ್ಯಾರ್ಥಿನಿಯರೇ, ತಾಯಿತಂದೆಗಳೇ, ನೆರೆಯವರ ಜಗಲಿಯಲ್ಲಿ ಅತಿಥಿಗಳಾಗಿಯೂ ಕುಳಿತುಕೊಳ್ಳೋಣ. ಆಮಿಷವಿಲ್ಲದ ಕೊಡುವಿಕೆಯೂ ಬಿಂಕವಿಲ್ಲದ ಕೊಳ್ಳುವಿಕೆಯೂ ಕೂಡಿದಲ್ಲಿಯೇ ನಮ್ಮ ಸಾಕ್ಷಿಗೆ ಬೆಲೆಯುಂಟು.