ಕೂಲಿ ಜೊತೆ ಬೀಡಿ ಕಟ್ಟು ಕೊಡೋದು ಇನ್ನು ಸಾಕು



ಔಷಧಿ ಹೊಡೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಅಂತ ಎಲ್ಲರೂ ಹೇಳ್ತಾರೆ. ಸರಿಯಾದ ಮಾತೇ. ಆದರೆ ಕ್ಯಾನ್ ಕೆಳಗಿಟ್ಟು, ಬಟ್ಟೆ ಬಿಚ್ಚಿ, ಬದುವಿನ ಮೇಲೆ ಕೂತು ಬೀಡಿ ಹಚ್ಚಿದರೆ ಯಾರೂ ಏನೂ ಅನ್ನಲ್ಲ. ಶ್ವಾಸಕೋಶದ ಕ್ಯಾನ್ಸರ್‌ಗೆ ಅತಿ ದೊಡ್ಡ ಕಾರಣ ಬೀಡಿ, ಸಿಗರೇಟಿನ ಹೊಗೆಯೇ.

"ಬೀಡಿ ಎಲೆಯಲ್ಲಿ ಸುತ್ತಿದ್ದು, ಸಿಗರೇಟಿನಷ್ಟು ಕೆಟ್ಟದ್ದಲ್ಲ" ಅನ್ನೋ ನಂಬಿಕೆ ಹಳ್ಳಿಗಳಲ್ಲಿ ಇನ್ನೂ ಇದೆ. ಇದು ತಪ್ಪು. ಬೀಡಿ ಬೇಗ ಆರುತ್ತೆ. ಆರಬಾರದು ಅಂತ ಮತ್ತೆ ಮತ್ತೆ ಜೋರಾಗಿ ಎಳೀತಾರೆ. ಹೊಗೆಯೂ ಅಷ್ಟೇ ಆಳಕ್ಕೆ ಇಳಿಯುತ್ತೆ. ಆ ಹೊಗೆಯಲ್ಲಿ ಕ್ಯಾನ್ಸರ್ ತರುವ ರಾಸಾಯನಿಕಗಳು 60ಕ್ಕೂ ಹೆಚ್ಚಿವೆ.

ಸೇದದವರಿಗೂ ಈ ಕಾಯಿಲೆ ಬರುತ್ತೆ. ಪಕ್ಕದವರ ಬೀಡಿ ಹೊಗೆ, ಕಿಟಕಿಯಿಲ್ಲದ ಅಡುಗೆಮನೆಯ ಸೌದೆ ಒಲೆ, ಕಲ್ನಾರು ಶೀಟು ಕೊಯ್ಯುವಾಗ ಏಳುವ ಧೂಳು ಇವೂ ಅಪಾಯವೇ. ಡೀಸೆಲ್ ಹೊಗೆಯಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಹೇಳಿದೆ.

ಹೊರಗೆ ಕಾಣೋ ಹೊತ್ತಿಗೆ ತಡವಾಗಿರುತ್ತೆ

ತೆಂಗಿಗೆ ಬೀಳುವ ಕೆಂಪು ಮೂತಿ ಹುಳು ಗೊತ್ತಲ್ಲ? ಸುಳಿ ಬಾಗಿದಾಗ ನೋಡಿದರೆ ಕಾಂಡದ ಒಳಗೆಲ್ಲ ಪೊಳ್ಳು. ಇದೂ ಹಾಗೇ. ಶ್ವಾಸಕೋಶದ ಒಳಗೆ ನೋವು ಗೊತ್ತಾಗಲ್ಲ. ಕೆಮ್ಮು ಬಂದರೂ "ಬೀಡಿ ಕೆಮ್ಮು" ಅಂತ ಸುಮ್ಮನಾಗ್ತೀವಿ.

ನಮ್ಮ ತೋಟದಲ್ಲಿ ಮೂವತ್ತು ವರ್ಷ ದುಡಿದ ಹಿರಿಯರೊಬ್ಬರು ಆರು ತಿಂಗಳು ಕೆಮ್ಮಿನ ಸಿರಪ್ ಕುಡಿದೇ ಕಳೆದರು. ಕಫದಲ್ಲಿ ರಕ್ತ ಬಂದ ಮೇಲೆ ಸ್ಕ್ಯಾನ್ ಮಾಡಿಸಿದ್ದು. ಅಷ್ಟರಲ್ಲಿ ಮೂಳೆಗೂ ಹರಡಿತ್ತು. ಇದ್ದ ಅರ್ಧ ಎಕರೆ ಸಾಲಕ್ಕೆ ಹೋಯ್ತು, ಅವರೂ ಉಳೀಲಿಲ್ಲ. ಅಷ್ಟು ವರ್ಷ ಪ್ರತಿ ಸಂಜೆ ಕೂಲಿ ಜೊತೆ ಅವರ ಕೈಗೆ ಬೀಡಿ ಕಟ್ಟು ಇಟ್ಟವರು ನಾವೇ.

ಅದಕ್ಕೇ ಹೇಳ್ತಿದ್ದೀನಿ, ಈ ರೂಢಿ ನಿಲ್ಲಿಸೋಣ. "ಬೀಡಿ ಕೊಡದಿದ್ರೆ ಆಳು ಬರಲ್ಲ" ಅಂತೀರಾ? ಆ ದುಡ್ಡನ್ನ ಕೂಲಿಗೆ ಸೇರಿಸಿ ಕೊಡಿ. ಇನ್ನೊಂದು ಮಾತು: ಬೀಡಿ ಹಚ್ಚಿದವನಿಗೆ ಹತ್ತು ನಿಮಿಷ ಕೂರೋಕೆ ಬಿಡ್ತೀವಿ, ಸುಮ್ಮನೆ ಕೂತವನನ್ನ ಸೋಮಾರಿ ಅಂತೀವಿ. ಹೀಗಿದ್ದರೆ ಬೀಡಿ ಬಿಡೋದು ಹೇಗೆ? ಬೀಡಿ ಇಲ್ಲದೆಯೂ ಬಿಡುವು ಕೊಡಿ, ಒಂದು ಲೋಟ ಟೀ ಕೊಡಿ.

ಇಷ್ಟು ನೆನಪಿರಲಿ

ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ. ಟಿಬಿ ಇಲ್ಲ ಅಂತ ಬಂದೂ ಕೆಮ್ಮು ನಿಲ್ಲದಿದ್ದರೆ, ಟಿಬಿ ಮಾತ್ರೆಗೂ ಬಗ್ಗದಿದ್ದರೆ, ಕಫದಲ್ಲಿ ರಕ್ತ ಕಂಡರೆ, ತೂಕ ಇಳಿದರೆ, ದನಿ ಒಡೆದರೆ "ಎದೆ ಸ್ಕ್ಯಾನ್ ಬೇಕಾ ಸಾರ್?" ಅಂತ ಡಾಕ್ಟರನ್ನ ನೀವೇ ಕೇಳಿ. ಸಂಕೋಚ ಬೇಡ.

ಬೀಡಿ ಬಿಟ್ಟು ಹತ್ತು ವರ್ಷವಾದರೆ ಈ ಕ್ಯಾನ್ಸರ್‌ನ ಅಪಾಯ, ಸೇದುತ್ತಲೇ ಇರುವವರಿಗೆ ಹೋಲಿಸಿದರೆ, ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತೆ. ಬಿಡೋಕೆ ಸಹಾಯ ಬೇಕಿದ್ದರೆ ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಫೋನ್ ಮಾಡಿ. ಕರೆ ಉಚಿತ. ನಂಬರ್ ಈಗಲೇ ಸೇವ್ ಮಾಡಿಕೊಳ್ಳಿ. ನಿಮಗೆ ಬೇಡದಿದ್ದರೂ ನಿಮ್ಮ ಹೊಲದಲ್ಲಿ ದುಡಿಯುವ ಯಾರಿಗಾದರೂ ಬೇಕಾಗುತ್ತೆ.